ಮಿಲ್ಲಿನ ಕಾಂಟಾದ ಮೇಲೆ ನನ್ನ ತಮ್ಮ

ಒಂದು ಚೀಲ ಭತ್ತವೆಂದರೆ ಎಪ್ಪತ್ತೈದು ಕಿಲೋ. ನನ್ನ ತಮ್ಮ ಅರವತ್ತೈದರೊಳಗೆ ಇರಬೇಕಿತ್ತು. ಅವನ ಕಬಡ್ಡಿಯ ಬಗ್ಗೆ ಬರೆಯಬೇಕೆಂದು ಕುಳಿತರೆ ನನಗೆ ಮೊದಲು ನೆನಪಾಗುವುದು ಅವನ ಆಟವಲ್ಲ, ಈ ಎರಡು ಅಂಕಿಗಳು. ನಾನು ಆಡಿದವನಲ್ಲ. ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಕಾಂಟಾದ ಮುಂದೆ ನಿಂತು ರೈತರ ಭತ್ತ ತೂಗುತ್ತಿದ್ದವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಆಮೇಲೂ ಅಕ್ಷರ ಮರೆಯದೆ ಉಳಿದದ್ದು ಚೀಲಗಳ ಮೇಲೆ ಕುಂಚದಿಂದ ಹೆಸರು ಬರೆಯುವ ಕೆಲಸದಿಂದ.

ತಮ್ಮ ಎರಡು ಸುಗ್ಗಿ ಆಡಿದ. ಎರಡನೆಯ ಸುಗ್ಗಿಯ ಕೊನೆಗೆ ಅವನ ಆಟ ಮುಗಿಯಿತು. ಹೇಗೆ ಮುಗಿಯಿತೆಂದು ಮಸ್ಕಿಯ ಕಡೆ ಕೇಳಿದರೆ ಹಳಬರು ಈಗಲೂ ಒಂದೇ ಉತ್ತರ ಹೇಳುತ್ತಾರೆ: ಅವರವ್ವ ರೊಟ್ಟಿ ತಿನ್ನಿಸಿ ಕೆಡಿಸಿದಳು. ಆ ಉತ್ತರ ಸರಿಯಲ್ಲ. ಅದನ್ನು ಮೊದಲು ಹೇಳಿದವನು ನಾನು.

ನಮ್ಮದು ಮಸ್ಕಿಗೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ. ಕಾಲುವೆಯ ನೀರು ಸಿಂಧನೂರಿನ ಕಡೆ ಹರಿಯುತ್ತಿತ್ತು, ನಮ್ಮ ಹೊಲಗಳಿಗೆ ಬರುತ್ತಿರಲಿಲ್ಲ. ಜೋಳ, ಸಜ್ಜೆ, ಕುರಿ, ಇಷ್ಟರಲ್ಲಿ ಬದುಕು. ಅಪ್ಪ ಕುರಿ ಕಾಯುತ್ತಿದ್ದ. ಉಣ್ಣೆ ಕತ್ತರಿಸುವ ದಿನ ಕುರಿಗಳನ್ನು ಒಂದೊಂದಾಗಿ ಹಿಡಿದು ತರುವ ಕೆಲಸ ನಮ್ಮಿಬ್ಬರದು. ಕುತ್ತಿಗೆಗೆ ಕೈ ಹಾಕಿದರೆ ಕುರಿ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಉಣ್ಣೆ ಹಿಡಿದರೆ ಅಪ್ಪ ಬೈಯುತ್ತಿದ್ದ. ಹಿಂಗಾಲನ್ನು, ಗೊರಸಿನ ಮೇಲಿನ ಸಣ್ಣ ಜಾಗದಲ್ಲಿ, ಒಂದೇ ಕೈಯಿಂದ ಹಿಡಿದು ಎತ್ತಬೇಕು. ಆಗ ಎಂಥ ಟಗರಾದರೂ ಮೂರು ಕಾಲಿನ ಮೇಲೆ ನಿಂತುಬಿಡುತ್ತದೆ. ನಾನು ಹಿಡಿದದ್ದು ಜಾರುತ್ತಿತ್ತು. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಹಿಡಿದದ್ದು ಜಾರುತ್ತಿರಲಿಲ್ಲ. ಅಪ್ಪ ನನ್ನನ್ನು ಕತ್ತರಿ ಮಸೆಯಲು ಕೂರಿಸಿದ.

ಅಪ್ಪ ತೀರಿದ ವರ್ಷ ಕುರಿ ಮಾರಿದೆವು. ಅವ್ವನ ತಮ್ಮ, ನಮ್ಮ ಮಾವ, ಮುಕ್ಕುಂದದಲ್ಲಿ ಭತ್ತ ಬೆಳೆಯುತ್ತಿದ್ದ. ನನ್ನನ್ನು ಅವನ ಗದ್ದೆಗೆ ಕಳಿಸಿದರು, ತಮ್ಮನನ್ನು ಶಾಲೆಗೆ. ಒಂದು ಸುಗ್ಗಿಯಲ್ಲಿ ಮಾವನ ಭತ್ತದ ಗಾಡಿಯ ಮೇಲೆ ಕುಳಿತು ಸಿಂಧನೂರಿನ ಮಿಲ್ಲಿಗೆ ಹೋದವನು ಅಲ್ಲೇ ಉಳಿದೆ. ಮೊದಲು ಕಸ ಹೊಡೆದೆ, ಆಮೇಲೆ ಚೀಲ ಹೊಲಿದೆ, ಕೊನೆಗೆ ಕಾಂಟಾಕ್ಕೆ ಬಂದೆ. ಶಾಲೆ ಬಿಟ್ಟದ್ದರ ಬಗ್ಗೆ ನನಗೆ ಬೇಸರವಿಲ್ಲ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಆ ಆಟಕ್ಕೆ ನಮ್ಮ ಹಳ್ಳಿಗಳಲ್ಲಿ ಹುತುತು ಎನ್ನುತ್ತಿದ್ದರು. ಕಾಲಿನಿಂದ ಗೆರೆ ಎಳೆದು, ಬಂದವರೆಲ್ಲ ಎರಡು ಪಾಲಾಗಿ, ಜಗಳ ಹತ್ತುವವರೆಗೆ ಆಡುವುದು. ಮಸ್ಕಿಯ ಹೈಸ್ಕೂಲಿಗೆ ಬಂದ ಒಬ್ಬ ಮಾಸ್ತರರು ಸುಣ್ಣದಿಂದ ಗೆರೆ ಹಾಕಿಸಿದರು, ಒಂದು ಕಡೆಗೆ ಏಳೇ ಜನ ಎಂದರು, ಸೀಟಿ ಊದಿದರು. ಇದರ ಹೆಸರು ಕಬಡ್ಡಿ, ಇದಕ್ಕೆ ಕಾಯಿದೆ ಇದೆ ಎಂದರು. ನಮ್ಮ ಕಡೆಯ ಹುಡುಗರಲ್ಲಿ ಕಾಯಿದೆಯ ಪ್ರಕಾರ ಆಡಿದ ಮೊದಲಿನವರಲ್ಲಿ ನನ್ನ ತಮ್ಮನೂ ಒಬ್ಬ. ಹತ್ತನೆಯ ಇಯತ್ತೆ ಮುಗಿಸಿ ಕಾಲೇಜಿಗೆಂದು ಸಿಂಧನೂರಿಗೆ ಬಂದು ನನ್ನ ಖೋಲಿಯಲ್ಲಿ ಇರತೊಡಗಿದ. ಕಾಲೇಜಿಗಿಂತ ಮಿಲ್ಲಿನ ಹಿಂದಿನ ಬಯಲಿನಲ್ಲಿ ಹೆಚ್ಚು ಇರುತ್ತಿದ್ದ.

ನಮ್ಮ ಸಾವ್ಕಾರರಿಗೆ ಕಬಡ್ಡಿಯ ಹುಚ್ಚು. ಮಿಲ್ಲಿನ ಹಿಂದೆ ಒಂದು ಅಂಕಣ ಮಾಡಿಸಿದ್ದರು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತದೆ, ಬಿದ್ದರೆ ಮೊಣಕಾಲು ಉಳಿಯುವುದಿಲ್ಲ. ಅದಕ್ಕೆ ಭತ್ತದ ಹೊಟ್ಟನ್ನು ಮರಳಿನ ಜೊತೆ ಕಲಸಿ ದಪ್ಪಗೆ ಹಾಸುತ್ತಿದ್ದೆವು. ಮೆತ್ತಗಿರುತ್ತಿತ್ತು, ಆದರೆ ಮೈಗೆ ಹತ್ತಿದರೆ ಉರಿಯಿಂದ ಮಲಗಲು ಆಗುತ್ತಿರಲಿಲ್ಲ. ಬೇರೆ ಊರಿನ ತಂಡಗಳು ನಮ್ಮಲ್ಲಿ ಆಡಿ ಹೋದ ಮೇಲೆ ಎರಡು ದಿನ ಕೆರೆದುಕೊಳ್ಳುತ್ತಿದ್ದವಂತೆ. ತಂಡವನ್ನು ನೋಡಿಕೊಳ್ಳುತ್ತಿದ್ದವನು ಮಿಲ್ಲಿನ ಫಿಟ್ಟರ್. ಅವನಿಗೆ ಆಡುವ ವಯಸ್ಸು ಮುಗಿದಿತ್ತು, ಬೈಯುವ ವಯಸ್ಸು ಇತ್ತು.

ತಮ್ಮ ದಾಳಿಗೆ ಹೋಗುವವನಲ್ಲ, ಹಿಡಿಯುವವನು. ಮೂಲೆಯಲ್ಲಿ ನಿಲ್ಲುತ್ತಿದ್ದ. ಎದುರಿನವನು ಕಬಡ್ಡಿ ಕಬಡ್ಡಿ ಎಂದು ಒಂದೇ ಉಸಿರಿನಲ್ಲಿ ಬರುವಾಗ ಉಳಿದವರೆಲ್ಲ ಅವನ ಕೈ ನೋಡುತ್ತಾರೆ; ತಮ್ಮ ನೆಲ ನೋಡುತ್ತಿದ್ದ. ಬಂದವನು ತಿರುಗಿ ಹೋಗಲು ಹಿಮ್ಮಡಿ ಎತ್ತಿದ ಗಳಿಗೆಗೆ ಬಗ್ಗಿ ಒಂದೇ ಕೈಯಿಂದ ಹಿಡಿಯುತ್ತಿದ್ದ. ಅಪ್ಪ ಕಲಿಸಿದ ಜಾಗವನ್ನೇ. ಆಮೇಲೆ ಎಳೆಯುತ್ತಿರಲಿಲ್ಲ, ಎತ್ತಿ ಸುಮ್ಮನೆ ನಿಲ್ಲುತ್ತಿದ್ದ. ಉಸಿರು ಮುಗಿದು ಅವನು ತಾನಾಗಿಯೇ ಬೀಳುತ್ತಿದ್ದ. ಮುದಗಲ್ಲಿನ ಕೋಟೆಯ ಹೊರಗಿನ ಬಯಲಿನಲ್ಲಿ ಒಂದು ಪಂದ್ಯ ನಡೆದಾಗ ಅಲ್ಲಿಯವರು ತಮ್ಮ ಆಟಗಾರರಿಗೆ ಕೂಗಿ ಹೇಳಿದರು.

"ಕುರಿ ಹಿಡಿಯಾಂವ ಬಂದಾನ, ಕಾಲು ಜ್ವಾಕಿಲೇ."

ಅಂದು ನಮ್ಮವರು ಬಹುಮಾನದ ಢಾಲು ಗೆದ್ದರು. ಅಕ್ಕಿ ಒಯ್ಯುವ ಲಾರಿಯಲ್ಲಿ ನಿಂತುಕೊಂಡು ಬಂದೆವು. ತಮ್ಮ ಆ ಢಾಲನ್ನು ನನ್ನ ಕೈಗೆ ಕೊಟ್ಟು, ಅಣ್ಣಾ ನೀ ಹಿಡಿ, ನನಗ ನಿನ್ನಿ ಮಿಲ್ಲಿನಾಗ ಆಡಿದ್ದ ಹೊಟ್ಟಿನ ಉರಿ ಇನ್ನೂ ಐತಿ, ಎಂದು ಸಿಂಧನೂರಿನವರೆಗೆ ಬೆನ್ನು ಕೆರೆದುಕೊಂಡ. ದಾರಿಯಲ್ಲಿ ಜನ ನನ್ನನ್ನೇ ಆಟಗಾರ ಎಂದುಕೊಂಡರು. ನಾನು ಅಲ್ಲವೆನ್ನಲಿಲ್ಲ.

ಈಗ ಕಾಂಟಾದ ವಿಷಯ ಹೇಳಬೇಕು. ನೆಲದ ಮೇಲೆ ಕಬ್ಬಿಣದ ಹಲಗೆ, ಅದರ ಪಕ್ಕಕ್ಕೆ ಒಂದು ಕಂಬ, ಕಂಬದ ಮೇಲೆ ಅಡ್ಡ ದಂಡಿ, ದಂಡಿಯ ತುದಿಗೆ ತೂಕದ ಬಿಲ್ಲೆ ಹಾಕುವ ಬಟ್ಟಲು. ಹಲಗೆಯ ಮೇಲೆ ಚೀಲ ಇಟ್ಟು, ದಂಡಿಯ ಕೊಂಡಿ ಬಿಚ್ಚಿ, ಗುಂಡು ಸರಿಸಿದರೆ ತೂಕ ತಿಳಿಯುತ್ತದೆ. ನಮ್ಮ ಕಾಂಟಾದ ಬಟ್ಟಲಿನ ಅಡಿಗೆ ಹೆಬ್ಬೆರಳಿನ ಉಗುರಿನಷ್ಟು ಸೀಸದ ತುಂಡು ಅಂಟಿಸಿತ್ತು. ಅಷ್ಟರಿಂದ ಹಲಗೆಯ ಮೇಲಿನ ಯಾವುದೇ ಭಾರ ಎರಡು ಕಿಲೋ ಕಡಿಮೆ ತೋರಿಸುತ್ತಿತ್ತು. ರೈತ ಎಪ್ಪತ್ತೇಳು ತಂದರೆ ಎಪ್ಪತ್ತೈದು. ಹಲಗೆ ಖಾಲಿ ಇದ್ದಾಗ ಕೊಂಡಿ ಬಿಚ್ಚಿದರೆ ದಂಡಿ ಒಂದು ಕಡೆ ವಾಲಿ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಖಾಲಿ ಕಾಂಟಾದ ಕೊಂಡಿಯನ್ನು ನಾನು ಎಂದೂ ಬಿಚ್ಚುತ್ತಿರಲಿಲ್ಲ. ಮುದ್ರೆ ಹಾಕುವ ಅಧಿಕಾರಿಗಳು ಬರುವ ದಿನ ಸೀಸ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನನ್ನ ಕೆಲಸದ ಮುಖ್ಯ ಭಾಗ ಇದೇ ಆಗಿತ್ತು. ಗುಂಡು ಸರಿಸುವುದನ್ನು ಯಾರೂ ಮಾಡಬಹುದು.

ದೀಪಾವಳಿಯಲ್ಲಿ ಮಿಲ್ಲಿನವರು ಕಾಂಟಾಕ್ಕೆ ಪೂಜೆ ಮಾಡುತ್ತಾರೆ. ಅರಿಷಿಣ, ಕುಂಕುಮ, ಚೆಂಡುಹೂವು. ನಾನು ಈ ಕೆಲಸಕ್ಕೆ ಬಂದ ವರ್ಷ ಸಾವ್ಕಾರರು ಪೂಜೆಯಾದ ಮೇಲೆ ನನ್ನ ಬಲಗೈಯನ್ನು ದಂಡಿಯ ಮೇಲೆ ಇಡಿಸಿದರು. "ಕಾಂಟಾದ ಮಾತು ಗೇಟು ದಾಟಬಾರದು," ಎಂದರು. "ದಾಟಿತಂದ್ರ ನಿನ್ನ ಮನಿ ಲಕ್ಷ್ಮಿನೂ ಅದರ ಬೆನ್ನ ಹಿಂದ ಹೋಗ್ತಾಳ." ನಾನು ಆಗಲಿ ಎಂದೆ. ಪ್ರತಿ ದೀಪಾವಳಿಗೂ ಎಂದೆ.

ಎರಡನೆಯ ಸುಗ್ಗಿಯಲ್ಲಿ ಸುದ್ದಿ ಬಂತು. ಲಿಂಗಸುಗೂರಿನಲ್ಲಿ ಕಿರಿಯರ ತಂಡಕ್ಕೆ ಆಟಗಾರರನ್ನು ಆರಿಸುತ್ತಾರೆ, ಆರಿಸಿದವರು ದೂರದ ಊರುಗಳಲ್ಲಿ ಆಡುತ್ತಾರೆ, ಅಲ್ಲಿ ಆಡಿದವರನ್ನು ಪೊಲೀಸಿಗೋ ರೈಲ್ವೆಗೋ ಕರೆದುಕೊಳ್ಳುತ್ತಾರೆ. ಮಾಸ್ತರರೇ ಮಸ್ಕಿಯಿಂದ ಬಂದು ಹೇಳಿ ಹೋದರು. ಷರತ್ತು ಎರಡು. ವಯಸ್ಸು ಮೀರಿರಬಾರದು, ತಮ್ಮನಿಗೆ ಅದೇ ಕೊನೆಯ ವರ್ಷ. ತೂಕ ಅರವತ್ತೈದು ಕಿಲೋ ಮೀರಿರಬಾರದು.

ಸಾವ್ಕಾರರು ಕೊಡಿಸುತ್ತಿದ್ದ ಹಾಲು, ಮೊಟ್ಟೆಯಿಂದ ತಮ್ಮ ದಪ್ಪಗಾಗಿದ್ದ. ಈಗ ಇಳಿಯಬೇಕಿತ್ತು. ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಓಡತೊಡಗಿದ. ರಾತ್ರಿಯ ಊಟ ಬಿಟ್ಟ. ಸಂಜೆ ಕೊನೆಯ ಗಾಡಿಯ ಭತ್ತ ಇಳಿದ ಮೇಲೆ ಕಾಂಟಾ ಹತ್ತುತ್ತಿದ್ದ. ಹಮಾಲರು ಸುತ್ತ ನಿಂತು ನೋಡುತ್ತಿದ್ದರು. ಅವರಿಗೆ ಅದೊಂದು ತಮಾಷೆ.

"ಇದೇನಲೇ, ತೂತು ಬಿದ್ದ ಚೀಲ ಐತೇನು? ದಿನಾ ಕಡಿಮಿ ಆಗಾಕತ್ತೈತಿ."

"ಹೊಲಿಗಿ ಹಾಕ್ರೋ ಅದಕ್ಕ."

ನಾನು ಗುಂಡು ಸರಿಸಿ ಅಂಕಿ ಹೇಳುತ್ತಿದ್ದೆ. ಹೇಳಿದ್ದೆಲ್ಲ ಕಾಂಟಾ ತೋರಿಸಿದ್ದೇ. ನಾನು ಒಂದೂ ಅಂಕಿಯನ್ನು ಬದಲಿಸಲಿಲ್ಲ. ತಮ್ಮ ಮಿಲ್ಲಿನ ಆಚೆ ಈಚೆ ಇದ್ದರೂ ಕಾಂಟಾದ ಕೆಲಸ ಮಾಡಿದವನಲ್ಲ. ಸೀಸದ ವಿಷಯ ಸಾವ್ಕಾರರಿಗೆ, ಲೆಕ್ಕ ಬರೆಯುವ ಮುನೀಮರಿಗೆ, ನನಗೆ ಮಾತ್ರ ಗೊತ್ತಿತ್ತು. ಮೊದಲ ದಿನವೇ ಹೇಳಬಹುದಿತ್ತು. ಎಲ್ಲ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಇನ್ನೂ ಎರಡು ಕಿಲೋ ಇಳಿಸು, ದೂರದ ಕಾಂಟಾ ಹೆಂಗಿರತೈತೋ ಏನೋ, ಎಂದಿದ್ದರೆ ಸಾಕಿತ್ತು. ಆಣೆಯೂ ಮುರಿಯುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವನು ನಿಧಾನಕ್ಕೆ ಇಳಿಯುತ್ತಿದ್ದ, ನಾಳೆಗಳು ಇದ್ದವು.

ಆಯ್ಕೆಯ ಹಿಂದಿನ ದಿನ ಸಂಜೆ ಕಾಂಟಾ ಅರವತ್ತನಾಲ್ಕು ತೋರಿಸಿತು. ಇನ್ನೊಮ್ಮೆ ನೋಡು ಎಂದ. ನೋಡಿದೆ, ಅಷ್ಟೇ ಇತ್ತು. ಅವನು ಹಲಗೆಯಿಂದ ಕೆಳಗೆ ಹಾರಿ ಒಬ್ಬ ಮುದುಕ ಹಮಾಲನನ್ನು ಎತ್ತಿಕೊಂಡು ತಿರುಗಿದ. ಮಿತಿಗಿಂತ ಒಂದು ಕಿಲೋ ಒಳಗೇ ಇದ್ದೇನೆ ಎಂದು ಅಂದು ಹೊಟ್ಟೆ ತುಂಬ ನೀರು ಕುಡಿದು ಮಲಗಿದ. ನಿಜಕ್ಕೂ ಅವನು ಅರವತ್ತಾರು ಇದ್ದ. ನನಗೆ ಗೊತ್ತಿತ್ತು. ಆಗಲೂ ಸಮಯವಿತ್ತು. ಒಂದು ರಾತ್ರಿ ಬಾಯಿ ಕಟ್ಟಿ, ಬೆಳಿಗ್ಗೆ ಒಂದು ಸಲ ಓಡಿದ್ದರೆ ಇಳಿಯುತ್ತಿದ್ದ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನಾಲ್ಕು ಜನ ಹೊರಟೆವು. ತಮ್ಮ, ನಮ್ಮ ತಂಡದ ಇನ್ನೊಬ್ಬ ಸಣಕಲ ಆಟಗಾರ, ಫಿಟ್ಟರ್, ನಾನು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಅವ್ವ ಬಂದು ಕಾಯುತ್ತಿದ್ದಳು. ಕಿಟಕಿಯಿಂದ ಒಂದು ಗಂಟು ಒಳಗೆ ಕೊಟ್ಟಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಒಂದು ಚೆಂಬು ಮಜ್ಜಿಗೆ. ನಾನು ಕಿಟಕಿಯ ಪಕ್ಕ ಕುಳಿತಿದ್ದೆ. ಅವ್ವ ನನ್ನ ಮೈಮೇಲಿಂದ ಕೈ ಚಾಚಿ ಗಂಟನ್ನು ತಮ್ಮನಿಗೆ ಕೊಟ್ಟಳು. ಉಪವಾಸ ಆಡಬ್ಯಾಡೋ ಯಪ್ಪಾ, ಎಂದಳು. ನನಗೆ ಏನೂ ಹೇಳಲಿಲ್ಲ. ಹೇಳಲು ಏನಿತ್ತು? ಅಂದು ಆಡುವವನು ನಾನಾಗಿರಲಿಲ್ಲ.

ಬಸ್ಸು ಹೊರಟಿತು. ತಮ್ಮ ಗಂಟು ಬಿಚ್ಚಿ ವಾಸನೆ ನೋಡಿದ. ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದವನು. ಆದರೂ ಬಾಯಿಗೆ ಹಾಕಲಿಲ್ಲ. ನನ್ನ ಕಡೆ ತಿರುಗಿದ, ತೂಗುವವನು ನಾನೆಂದು.

"ತಿನ್ಲೇನಣ್ಣಾ?"

"ತಿನ್ನು," ಎಂದೆ.

ಈ ಒಂದು ಮಾತನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಆಗ ಸೀಸ ನೆನಪಿಗೆ ಬರಲಿಲ್ಲ ಎಂದು ಕೆಲವು ವರ್ಷ ನಂಬಿದೆ. ಅವ್ವ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ ಎಂದು ಕೆಲವು ವರ್ಷ. ಕಾಂಟಾದ ಆಣೆ ಎಂದು ಕೆಲವು ವರ್ಷ. ಒಂದೂ ಪೂರ್ತಿ ಸುಳ್ಳಲ್ಲ. ಆದರೆ ಗಂಟು ನನ್ನ ಮುಖದ ಮುಂದೆ ಹಾಯ್ದು ಹೋದದ್ದು ಎಲ್ಲಕ್ಕಿಂತ ಚೆನ್ನಾಗಿ ನೆನಪಿದೆ. ತಮ್ಮ ಎರಡು ರೊಟ್ಟಿ ತಿಂದು ಮಜ್ಜಿಗೆ ಕುಡಿದ. ಉಳಿದದ್ದರಲ್ಲಿ ಅರ್ಧ ನನಗೆ ಕೊಟ್ಟ. ನಾನೂ ತಿಂದೆ.

ಲಿಂಗಸುಗೂರಿನ ಮೈದಾನದಲ್ಲಿ ಒಂದು ಕಾಂಟಾ ತಂದಿಟ್ಟಿದ್ದರು. ನಮ್ಮ ಮಿಲ್ಲಿನದರಂಥದೇ. ತಮ್ಮ ಹತ್ತಿದ. ಅರವತ್ತಾರನ್ನೂ ಮೀರಿತು. ಆರಿಸಲು ಬಂದ ಸಾಹೇಬರು ಮುಂದಿನವನನ್ನು ಕರೆದರು. ಫಿಟ್ಟರ್ ಬಿಡಲಿಲ್ಲ. ನಿಮ್ಮ ಕಾಂಟಾ ತಪ್ಪು, ನಿನ್ನೆ ಸಂಜೆ ಅರವತ್ತನಾಲ್ಕು ಇದ್ದವನು ಇವತ್ತು ಅರವತ್ತಾರು ಹೇಗಾದಾನು, ಎಂದು ವಾದಕ್ಕೆ ನಿಂತ. ನಮ್ಮ ಸಣಕಲನನ್ನೂ ಹತ್ತಿಸಿ ನೋಡಿ ಎಂದ. ಮಿಲ್ಲಿನಲ್ಲಿ ತೂಗಿದ್ದಕ್ಕಿಂತ ಅವನಿಗೂ ಎರಡು ಕಿಲೋ ಹೆಚ್ಚು ತೋರಿಸಿತು. ಅವನು ಮಿತಿಗಿಂತ ಬಹಳ ಕೆಳಗಿದ್ದುದರಿಂದ ಅವನಿಗೇನೂ ಆಗಲಿಲ್ಲ. ನೋಡ್ರಿ ನೋಡ್ರಿ ಎಂದು ಫಿಟ್ಟರ್ ಜನ ಸೇರಿಸಿದ.

ಸಾಹೇಬರು ಸಿಟ್ಟು ಮಾಡಿಕೊಳ್ಳಲಿಲ್ಲ. ಎಲ್ಲರ ಎದುರು ಹಲಗೆ ಖಾಲಿ ಮಾಡಿಸಿ ದಂಡಿಯ ಕೊಂಡಿ ಬಿಚ್ಚಿದರು. ದಂಡಿ ಸ್ವಲ್ಪ ಆಡಿ ಸಮನಾಗಿ ನಿಂತಿತು. ಖಾಲಿ ಕಾಂಟಾದ ದಂಡಿ ಹಾಗೆ ನೆಟ್ಟಗೆ ನಿಂತದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದೆ. ಆಮೇಲೆ ಮುದ್ರೆ ಇರುವ ಕಬ್ಬಿಣದ ಕಲ್ಲು ಇಟ್ಟು ತೂಗಿ ತೋರಿಸಿದರು. ಸರಿ ಇತ್ತು.

ಫಿಟ್ಟರ್ ನನ್ನ ಕಡೆ ತಿರುಗಿದ. ತಮ್ಮನೂ ತಿರುಗಿದ.

"ಹಂಗಾದ್ರ ನಮ್ದು?" ಎಂದು ಫಿಟ್ಟರ್ ಕೇಳಿದ.

"ನಮ್ದೂ ಸರಿ ಐತಿ," ಎಂದೆ. "ಅವ ದಾರಿಯಾಗ ಉಂಡಾನ. ಅವ್ವ ರೊಟ್ಟಿ ಕೊಟ್ಟಿದ್ದಳು."

ಸಣಕಲನ ತೂಕ ಯಾಕೆ ಹೆಚ್ಚಾಯಿತೆಂದು ಆಮೇಲೆ ಯಾರೂ ಕೇಳಲಿಲ್ಲ. ಎರಡು ರೊಟ್ಟಿ, ಒಂದು ಚೆಂಬು ಮಜ್ಜಿಗೆ ಎಷ್ಟು ತೂಗುತ್ತವೆ ಎಂದು ಲೆಕ್ಕ ಹಾಕುವ ಪುರಸತ್ತು ಅಲ್ಲಿ ಯಾರಿಗೂ ಇರಲಿಲ್ಲ. ನನಗೆ ಇತ್ತು. ನನ್ನ ಕೆಲಸವೇ ಅದು.

ಮಧ್ಯಾಹ್ನದ ಆಟ ಶುರುವಾಗುವವರೆಗೆ ಸಮಯ ಕೊಟ್ಟರು. ಫಿಟ್ಟರ್ ಯಾರದೋ ಕಂಬಳಿ ಕೇಳಿ ತಂದು ತಮ್ಮನಿಗೆ ಸುತ್ತಿ ಬಿಸಿಲಿನಲ್ಲಿ ಓಡಿಸಿದ. ಬಾಯಿಗೆ ಹುಣಸೆಹಣ್ಣು ಹಾಕಿ ಉಗುಳಿಸಿದ. ಬಸ್ ನಿಲ್ದಾಣದ ಹತ್ತಿರ ಮರದ ಕೆಳಗೆ ಕೂರುವ ಕ್ಷೌರಿಕನನ್ನು ಕರೆತಂದು ತಲೆಯನ್ನೂ ಬೋಳಿಸಿದ. ಕೂದಲು ಎಷ್ಟು ತೂಗೀತು? ಆದರೆ ಏನಾದರೂ ಮಾಡಬೇಕಲ್ಲ. ಕೊನೆಗೆ ಚಡ್ಡಿಯೊಂದರಲ್ಲಿ ಹತ್ತಿಸಿದಾಗ ಕಾಲು ಕಿಲೋ ಹೆಚ್ಚು ಉಳಿದಿತ್ತು. ಸಾಹೇಬರು ತಮ್ಮನ ಬೆನ್ನು ತಟ್ಟಿ, ಮುಂದಿನ ವರ್ಷ ಬಾ ಎಂದರು. ಮುಂದಿನ ವರ್ಷ ವಯಸ್ಸು ಮೀರುತ್ತದೆ ಎಂದು ತಮ್ಮ ಹೇಳಲಿಲ್ಲ. ಪಕ್ಕಕ್ಕೆ ಹೋಗಿ ಅಂಗಿ ಹಾಕಿಕೊಂಡ. ಸಣಕಲ ಆಯ್ಕೆಯಾದ.

ಆ ಕಾಲು ಕಿಲೋ ರೊಟ್ಟಿಯದೇ ಇರಬಹುದು. ಅದನ್ನು ನಾನು ಅಲ್ಲಗಳೆಯಲಾರೆ. ರೊಟ್ಟಿ ತಿನ್ನದಿದ್ದರೆ ಓಡಿ ಇಳಿಸುತ್ತಿದ್ದನೇನೋ. ಆದರೆ ರೊಟ್ಟಿ ತಿನ್ನು ಎಂದದ್ದು ಯಾರು ಎಂಬ ಪ್ರಶ್ನೆ ಮತ್ತೆ ನನ್ನಲ್ಲಿಗೇ ಬರುತ್ತದೆ.

ಸಂಜೆಯ ಬಸ್ಸು ಮಸ್ಕಿಗೆ ಬಂದಾಗ ಅವ್ವ ಅಲ್ಲೇ ಇದ್ದಳು. ತಮ್ಮ ಮೊದಲು ಇಳಿದ. ನಮ್ಮಲ್ಲಿ ತಾಯಿಯೋ ತಂದೆಯೋ ಸತ್ತರೆ ಮಗ ತಲೆ ಬೋಳಿಸುತ್ತಾನೆ. ಅವನ ತಲೆ ನೋಡಿ ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ನಾ ಇನ್ನೂ ಅದೀನಲ್ಲೋ ಯಪ್ಪಾ," ಎಂದಳು. "ಇದೇನು ಮಾಡ್ಕೊಂಡು ಬಂದಿ?"

"ನಿನ್ನ ರೊಟ್ಟಿ ನನ್ನ ಕೆಡಿಸ್ತವ್ವಾ," ಎಂದ ತಮ್ಮ. ಸಿಟ್ಟಿನಿಂದಲ್ಲ, ಸುದ್ದಿ ಹೇಳುವ ಹಾಗೆ.

ಅವ್ವ ನನ್ನ ಮುಖ ನೋಡಿದಳು. ನಾನು ಗಂಟು ಕಟ್ಟಿದ್ದ ಬಟ್ಟೆಯನ್ನೂ ಚೆಂಬನ್ನೂ ಅವಳ ಕೈಗೆ ಕೊಟ್ಟೆ.

ತಮ್ಮ ಸಿಂಧನೂರಿಗೆ ಹಿಂದಿರುಗಲಿಲ್ಲ. ಕಾಲೇಜೂ ಅಲ್ಲಿಗೆ ನಿಂತಿತು. ಕೆಲವು ದಿನ, ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ರೈತರೊಬ್ಬರ ಟ್ರ್ಯಾಕ್ಟರ್ ಓಡಿಸಿದ, ಆಮೇಲೆ ಮಸ್ಕಿಯಲ್ಲಿ ಪಂಚರ್ ಅಂಗಡಿ ಇಟ್ಟ. ಮದುವೆಯಾದ. ಚೆನ್ನಾಗಿಯೇ ಇದ್ದ. ಫಿಟ್ಟರ್ ಎರಡು ಸಲ ಕರೆಯಲು ಹೋಗಿ ಬಂದ, ಮೂರನೆಯ ಸಲ ಹೋಗಲಿಲ್ಲ. ಸಣಕಲ ಒಂದು ವರ್ಷ ಎಲ್ಲೆಲ್ಲೋ ಆಡಿ ಮೊಣಕಾಲು ಮುರಿದುಕೊಂಡು ಬಂದು ನಮ್ಮ ಮಿಲ್ಲಿನಲ್ಲೇ ಮುನೀಮನ ಕೈಕೆಳಗೆ ಸೇರಿದ. ಅದನ್ನು ತಮ್ಮನಿಗೆ ಹೇಳಿ ಸಮಾಧಾನ ಮಾಡಲು ನೋಡಿದೆ. ಅವನಾದ್ರೂ ಆಡಿ ಮುರ್ಕೊಂಡ, ಎಂದ ತಮ್ಮ.

ಬದಲಾದವಳು ಅವ್ವ. ನಮ್ಮ ಕಡೆ ಮನೆಗೆ ಬಂದವರ ತಾಟಿಗೆ ಎರಡನೆಯ ರೊಟ್ಟಿಯನ್ನು ಕೇಳದೆಯೇ ಹಾಕಬೇಕು. ಬೇಡ ಬೇಡ ಎಂದು ಅವರು ಕೈ ಅಡ್ಡ ಹಿಡಿಯಬೇಕು, ಕೈಯ ಸಂದಿಯಿಂದ ತುರುಕಬೇಕು. ಹಾಗೆ ಮಾಡದಿದ್ದರೆ ಬಂದವರು ನೊಂದುಕೊಳ್ಳುತ್ತಾರೆ. ಅವ್ವ ಅದನ್ನು ಬಿಟ್ಟಳು. ಒಂದು ರೊಟ್ಟಿ ಹಾಕಿ, ಇನ್ನೊಂದು ಬೇಕೇನು ಎಂದು ಕೇಳಿ, ಸುಮ್ಮನೆ ನಿಲ್ಲುತ್ತಿದ್ದಳು. ಬೀಗರು ಎದ್ದು ಹೋಗಿ ಹೊರಗೆ ಮಾತಾಡಿಕೊಂಡರು. ಯಾರಾದರೂ ನೇರವಾಗಿ ಕೇಳಿದರೆ, ನನ್ನ ಕೈ ರೊಟ್ಟಿ ಒಬ್ಬರಿಗೆ ಮುಳುವಾಗೈತಿ, ಎನ್ನುತ್ತಿದ್ದಳು. ತಮ್ಮನ ಹೆಂಡತಿ ಬಂದ ಮೇಲೆ ಬಡಿಸುವ ಕೆಲಸವನ್ನೇ ಅವಳಿಗೆ ಒಪ್ಪಿಸಿದಳು. ರೊಟ್ಟಿ ಬಡಿಯುತ್ತಿದ್ದಳು, ತಾಟಿಗೆ ಹಾಕುತ್ತಿರಲಿಲ್ಲ.

ಹೀಗೆ ಸುಮಾರು ಹತ್ತು ವರ್ಷ ಹೋದವು. ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ನಾನು ಊರಿಗೆ ಹೋದಾಗ ತಮ್ಮನೂ ಅವನ ಹೆಂಡತಿಯೂ ಮನೆಯಲ್ಲಿ ಇರಲಿಲ್ಲ. ಅವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಕಂಬಕ್ಕೆ ಒರಗಿ ಕುಳಿತು ಹೇಳಿದೆ. ಸೀಸದ ತುಂಡು, ಎರಡು ಕಿಲೋ, ಬಸ್ಸಿನಲ್ಲಿ ನಾನು ಹೇಳಿದ್ದು, ಮೈದಾನದಲ್ಲಿ ನಾನು ಹೇಳಿದ್ದು. ಅವ್ವ ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. ಕಲ್ಲು ಆರಿಸಿ ಆಚೆ ಎಸೆಯುತ್ತಿದ್ದಳು. ಮುಗಿದ ಮೇಲೆ ಅವಳು ಕೇಳಿದ್ದು ತಮ್ಮನ ಬಗ್ಗೆ ಅಲ್ಲ.

"ನಿಮ್ಮ ಮಾವನ ಭತ್ತನೂ ಅದ ಕಾಂಟಾದಾಗ ತೂಗಿದೇನು?"

ಮುಕ್ಕುಂದದ ಮಾವ ಪ್ರತಿ ಸುಗ್ಗಿಗೂ ನಮ್ಮ ಮಿಲ್ಲಿಗೇ ಭತ್ತ ತರುತ್ತಿದ್ದ. ಅಳಿಯ ಕಾಂಟಾದ ಮುಂದೆ ನಿಂತಾನ, ನನಗೆ ಮೋಸ ಆಗಂಗಿಲ್ಲ, ಎಂದು ಬೇರೆಯವರನ್ನೂ ಕರೆತರುತ್ತಿದ್ದ.

"ಹೌದವ್ವಾ."

ಅವ್ವ ಮೊರವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು.

"ನಿಮ್ಮ ಮಾವನ ಮುಂದೂ ತಮ್ಮನ ಮುಂದೂ ಹೇಳಬ್ಯಾಡ. ಅವ್ವನ ಮ್ಯಾಲಿನ ಸಿಟ್ಟು ಒಂದು ಊಟದಾಗ ಇಳೀತೈತಿ. ಅಣ್ಣನ ಮ್ಯಾಲಿನ ಸಿಟ್ಟು ಹೊಲ ಹಂಚೂತನ ಇಳಿಯಂಗಿಲ್ಲ."

ಅಂದು ಊಟಕ್ಕೆ ಅವಳೇ ಬಡಿಸಿದಳು. ಈಗಲಾದರೂ ಎರಡನೆಯ ರೊಟ್ಟಿ ಹಾಕುತ್ತಾಳೆ ಎಂದು ನೋಡಿದೆ. ಹಾಕಲಿಲ್ಲ. ತಮ್ಮನಿಗೆ ಅನುಮಾನ ಬರಬಾರದೆಂದೋ, ನನ್ನ ಮೇಲಿನ ಬೇಸರಕ್ಕೋ, ಹತ್ತು ವರ್ಷದ ರೂಢಿಯೋ, ನಾನು ಕೇಳಲಿಲ್ಲ. ಆ ಸುಗ್ಗಿ ಮುಗಿದ ಮೇಲೆ ನಾನು ಕಾಂಟಾ ಬಿಟ್ಟೆ. ಸಾವ್ಕಾರರಿಗೆ ಕಣ್ಣು ಮಂಜಾಗಿದೆ ಎಂದು ಸುಳ್ಳು ಹೇಳಿದೆ. ಸೀಸದ ತುಂಡನ್ನು ಮುಂದಿನವನಿಗೆ ತೋರಿಸಿಕೊಟ್ಟೇ ಬಂದೆ. ಅದನ್ನು ಕಿತ್ತೆಸೆಯುವಷ್ಟು ಧೈರ್ಯ ಇರಲಿಲ್ಲ.

ಮೂರು ವರ್ಷದ ಮೇಲೆ ಅವ್ವ ಹೋದಳು. ಜ್ವರ ಬಂದು, ಹೆಚ್ಚು ದಿನ ಮಲಗದೆ. ನಾವಿಬ್ಬರೂ ತಲೆ ಬೋಳಿಸಿದೆವು. ಕ್ಷೌರಿಕನ ಮುಂದೆ ಕುಳಿತಾಗ ತಮ್ಮ, ಇದು ನನಗ ಎರಡನೇ ಸಲ, ಎಂದು ಸ್ವಲ್ಪ ನಕ್ಕ. ಯಾರೋ ಮುದುಕರು ಲಿಂಗಸುಗೂರಿನ ಕತೆ ತೆಗೆದರು. ರೊಟ್ಟಿಯ ಮಾತು ಬಂತು. ಸತ್ತವಳ ಬಗ್ಗೆ ಯಾರೂ ಕೆಟ್ಟದ್ದು ಹೇಳಲಿಲ್ಲ, ಪಾಪ ಮುಗ್ಧೆ, ಎಂದರು ಅಷ್ಟೇ. ನನಗೆ ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ದಿನದ ಕಾರ್ಯಕ್ಕೆ ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯಬೇಕಿತ್ತು. ಎಡೆ ಹಾಕುವುದು ತಮ್ಮ. ಮುತ್ತುಗದ ಎಲೆಯ ಮೇಲೆ ಅನ್ನ, ಹೋಳಿಗೆ, ಪಲ್ಯ ಇಟ್ಟು, ಒಂದು ಸಜ್ಜೆ ರೊಟ್ಟಿ ಇಟ್ಟ. ಅವನ ಹೆಂಡತಿ ಇನ್ನೊಂದು ಕೊಡಲು ಬಂದಾಗ ತಡೆದ. ಒಂದ ಸಾಕು, ಅವ್ವ ಎರಡನೇದು ಯಾರಿಗೂ ಹಾಕಲಿಲ್ಲ, ತಾನೂ ಹಾಕಿಸ್ಕೊಳ್ಳಂಗಿಲ್ಲ, ಎಂದ.

ಹೊಲದಲ್ಲಿ ಎಡೆ ಇಟ್ಟು ಕೈ ಮುಗಿದು ಉಳಿದವರು ಸ್ವಲ್ಪ ದೂರ ಹೋಗಿ ನಿಂತರು. ಕಾಗೆ ಬರಲೆಂದು ಕಾಯುವ ಹೊತ್ತು. ನಾವಿಬ್ಬರೇ ಇದ್ದೆವು. ಅವ್ವ ಬೇಡವೆಂದದ್ದನ್ನು ನಾನು ಆಗ ಹೇಳಿದೆ. ಕಟ್ಟೆಯ ಮೇಲೆ ಅವ್ವನಿಗೆ ಹೇಳಿದ ಕ್ರಮದಲ್ಲಿಯೇ ಹೇಳಿದೆ. ತಮ್ಮ ನೆಲ ನೋಡುತ್ತ ಕೇಳಿದ. ಆಡುವಾಗ ನೋಡುತ್ತಿದ್ದ ಹಾಗೆ.

"ರೊಟ್ಟಿ ಅಂತ ಮೊದಲು ಅಂದಾಂವ ನೀನ ಅಲ್ಲ?"

"ಹೌದು."

"ಬಸ್ಸಿನಾಗ ನಾ ಕೇಳಿದಾಗ, ಸೀಸದ್ದು ನೆನಪಿತ್ತೇನು ನಿನಗ?"

ಇಷ್ಟು ವರ್ಷ ನಾನು ಕಟ್ಟಿಕೊಂಡ ಉತ್ತರಗಳು ಮೂರು ಇದ್ದವು. ಒಂದನ್ನೂ ಹೇಳಲಿಲ್ಲ.

"ಇತ್ತು," ಎಂದೆ.

ಅವನು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ದೂರ ನಿಂತಿದ್ದ ಹೆಂಡತಿಯನ್ನು ಕೂಗಿ ರೊಟ್ಟಿಯ ಬುಟ್ಟಿ ತರಿಸಿದ. ಬಗ್ಗಿ, ಎಲೆಯ ಮೇಲಿನ ರೊಟ್ಟಿಯ ಪಕ್ಕಕ್ಕೆ ಇನ್ನೊಂದು ಇಟ್ಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಇಟ್ಟ. ಎಲೆಯಲ್ಲಿ ಜಾಗ ಸಾಲದೆ ಅದರ ಅಂಚು ಮಣ್ಣಿಗೆ ತಾಗಿತು.

ಮನೆಗೆ ಬಂದು ಎಲ್ಲರೂ ಊಟಕ್ಕೆ ಕುಳಿತೆವು. ತಮ್ಮ ಬಂದವರಿಗೆಲ್ಲ ತಾನೇ ಬಡಿಸಿದ, ಕೈ ಅಡ್ಡ ಹಿಡಿದವರಿಗೂ ಎರಡನೆಯ ರೊಟ್ಟಿ ಹಾಕಿದ. ನನ್ನ ತಾಟಿನ ಮುಂದೆ ಬಂದಾಗ ಬುಟ್ಟಿಯನ್ನು ನೆಲದ ಮೇಲಿಟ್ಟು ಮುಂದೆ ಹೋದ. ನಾನೇ ತೆಗೆದುಕೊಂಡು ಉಂಡೆ. ಈಗಲೂ ಅವನ ಮನೆಗೆ ಹೋದರೆ ಹಾಗೆಯೇ ಉಣ್ಣುತ್ತೇನೆ.